ಆಷಾಢದ ಆದಾಯ

ಮದುವೆ ಫೋಟೋದವನಿಗೆ ವರ್ಷಕ್ಕೆ ಹನ್ನೆರಡು ತಿಂಗಳಿರುವುದಿಲ್ಲ. ಆಷಾಢ ಹೋಯಿತು, ಪಿತೃಪಕ್ಷ ಹೋಯಿತು, ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಧನುರ್ಮಾಸ ಹೋಯಿತು. ಅಧಿಕಮಾಸ ಬಂದ ವರ್ಷ ಇನ್ನೂ ಒಂದು ತಿಂಗಳು ಖೋತಾ. ಉಳಿದ ದಿನಗಳಲ್ಲಿ ಊರಿಗೆ ಊರೇ ಒಂದೇ ಮುಹೂರ್ತಕ್ಕೆ ಮುಗಿಬೀಳುತ್ತದೆ. ಅವತ್ತು ಬಂದವರಿಗೆಲ್ಲ ‘ಆಗಲ್ಲ ಸಾರ್’ ಅನ್ನಬೇಕು, ಆಮೇಲೆ ವಾರಗಟ್ಟಲೆ ಫೋನ್ ಮಿಸುಕುವುದಿಲ್ಲ. ಸ್ಟುಡಿಯೋ ಬಾಡಿಗೆಗೆ ಆಷಾಢ ಗೊತ್ತಿಲ್ಲ. ಕ್ಯಾಮೆರಾ ಸಾಲದ ಕಂತಿಗೆ ಧನುರ್ಮಾಸ ಗೊತ್ತಿಲ್ಲ.

ನಾನು ಶಾಲೆಗಳ ಫೋಟೋ ಕೆಲಸಕ್ಕೆ ಇಳಿದದ್ದು ಈ ಲೆಕ್ಕದಿಂದ. ಮಕ್ಕಳ ಮುಗ್ಧ ನಗು, ಅಳಿಸಲಾಗದ ನೆನಪು ಇತ್ಯಾದಿಗಳನ್ನು ವಿಸಿಟಿಂಗ್ ಕಾರ್ಡಿನ ಹಿಂಬದಿಗೆ ಅಚ್ಚು ಹಾಕಿಸಿದ್ದು ಆಮೇಲೆ. ಮೇ ಕೊನೆಯಲ್ಲಿ ಶಾಲೆಯ ಬಾಗಿಲು ತೆರೆಯುತ್ತದೆ, ಜೂನ್–ಜುಲೈನಲ್ಲಿ ಐಡಿ ಕಾರ್ಡಿನ ಕೆಲಸ ಬರುತ್ತದೆ, ಅಷ್ಟರಲ್ಲಿ ಆಷಾಢ. ಡಿಸೆಂಬರ್–ಜನವರಿಯಲ್ಲಿ ಹತ್ತನೇ ಕ್ಲಾಸಿನವರ ಗ್ರೂಪ್ ಫೋಟೋ, ಅದು ಧನುರ್ಮಾಸ. ಪಂಚಾಂಗ ಖಾಲಿ ಬಿಟ್ಟ ಜಾಗವನ್ನೆಲ್ಲ ಶಿಕ್ಷಣ ಇಲಾಖೆ ತುಂಬಿಕೊಟ್ಟಿದೆಯೇನೋ ಅನ್ನುವಷ್ಟು ಹೊಂದಿಕೆ. ನಮ್ಮ ತಿಪಟೂರು ಕಡೆಯ ಹಳಬರಿಗೆ ಇದು ಗೊತ್ತಿಲ್ಲದ್ದೇನಲ್ಲ. ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ, ಹೇಳಿದರೆ ಪೈಪೋಟಿಗೆ ಇನ್ನೊಬ್ಬ ಹುಟ್ಟಿಕೊಳ್ಳುತ್ತಾನಲ್ಲ.

ಮದುವೆಯಲ್ಲಿ ಗಿರಾಕಿ ಯಾರು ಎಂಬ ಬಗ್ಗೆ ಅನುಮಾನವಿಲ್ಲ. ಫೋಟೋದಲ್ಲಿರುವವರೇ ನೋಡುವವರು, ಅವರ ಮನೆಯವರೇ ದುಡ್ಡು ಕೊಡುವವರು. ಶಾಲೆಯಲ್ಲಿ ಮುಖ ಮಗುವಿನದು, ದುಡ್ಡು ಅಪ್ಪ–ಅಮ್ಮನದು, ಆರ್ಡರ್ ಎಚ್‌ಎಂ, ಅಂದರೆ ಹೆಡ್‌ಮಾಸ್ಟರದು. ಮೂವರಿಗೂ ಬೇಕಾದದ್ದು ಬೇರೆ ಬೇರೆ. ಮಗುವಿಗೆ ಕ್ಲಾಸು ತಪ್ಪಿದರೆ ಸಾಕು. ಅಪ್ಪ–ಅಮ್ಮನಿಗೆ ಮಗು ಚೆನ್ನಾಗಿ ಕಾಣಬೇಕು. ಎಚ್‌ಎಂಗೆ ಗಲಾಟೆಯಿಲ್ಲದೆ ಬಿಸಿಯೂಟದ ಗಂಟೆಯೊಳಗೆ ಎಲ್ಲ ಮುಗಿಯಬೇಕು.

ಅಮೆರಿಕದಲ್ಲಿ ಇದೊಂದು ದೊಡ್ಡ ಉದ್ಯಮ. ಲೈಫ್‌ಟಚ್ ಎಂಬ ಕಂಪನಿ 1936ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಶುರುವಾಗಿ, ಶಾಲೆಯಿಂದ ಶಾಲೆಗೆ ಫೋಟೋಗ್ರಾಫರ್‌ಗಳನ್ನು ಕಳಿಸುತ್ತಲೇ ಬೆಳೆಯಿತು. 2018ರಲ್ಲಿ ಆನ್‌ಲೈನ್ ಫೋಟೋ ಪ್ರಿಂಟಿನ ಕಂಪನಿ ಶಟರ್‌ಫ್ಲೈ ಅದನ್ನು 82.5 ಕೋಟಿ ಡಾಲರಿಗೆ ಕೊಂಡಿತು. ಅಲ್ಲಿಯ ವ್ಯವಹಾರ ನಿಂತಿರುವುದು ಮನೆಯವರು ಪ್ರಿಂಟುಗಳನ್ನು ಕೊಳ್ಳುವುದರ ಮೇಲೆ. ಫ್ರಿಜ್ಜಿನ ಮೇಲೊಂದು, ಅಜ್ಜಿಗೊಂದು, ಪರ್ಸಿಗೊಂದು. ಯೂಟ್ಯೂಬ್‌ನಲ್ಲಿ ಇಂಥ ಫೋಟೋಗ್ರಾಫರ್‌ಗಳ ಪಾಠ ನೋಡಿ ಇಲ್ಲೂ ಹಾಗೇ ಮಾಡೋಣ ಅಂದುಕೊಳ್ಳುವ ಹುಡುಗರಿದ್ದಾರೆ. ನಡೆಯುವುದಿಲ್ಲ. ಇಲ್ಲಿ ಮಗುವಿನ ಫೋಟೋ ತಾಯಿಯ ಮೊಬೈಲಿನಲ್ಲಿ ಸಾವಿರ ಇರುತ್ತವೆ. ಯೂನಿಫಾರಂ ಹಾಕಿಕೊಂಡು ನೀಲಿ ಪರದೆಯ ಮುಂದೆ ಗಂಭೀರವಾಗಿ ಕೂತ ಇನ್ನೊಂದನ್ನು ಜೂನ್ ತಿಂಗಳಲ್ಲಿ, ಅದೂ ಶುಲ್ಕ, ಪುಸ್ತಕ, ಶೂಗಳ ಖರ್ಚಿನ ನಡುವೆ ಯಾರು ಕೊಳ್ಳುತ್ತಾರೆ? ಕೊಳ್ಳುವುದು ಶಾಲೆ. ಅದು ಕೊಳ್ಳುವುದು ಫೋಟೋವನ್ನಲ್ಲ, ಕಾರ್ಡನ್ನು. ಮುಖದ ಕೆಳಗೆ ಸರಿಯಾದ ಹೆಸರು, ಸರಿಯಾದ ತರಗತಿ, ಸರಿಯಾದ ಫೋನ್ ನಂಬರು ಇರುವ, ಎಟಿಎಂ ಕಾರ್ಡಿನ ಅಳತೆಯ ಒಂದು ಪ್ಲಾಸ್ಟಿಕ್ ತುಂಡು. ನನ್ನ ಮಟ್ಟಿಗೆ ಈ ಕಸುಬಿನ ಒಟ್ಟು ಸಾರ ಇದು: ಕ್ಯಾಮೆರಾ ಹಿಡಿದು ಹೋಗುತ್ತೇವೆ, ಆದರೆ ನಮ್ಮ ಬಂಡವಾಳ ಹಾಜರಿ ಪುಸ್ತಕ.

ಐನೂರು ಮಕ್ಕಳಿರುವ ಶಾಲೆಯಲ್ಲಿ ಐನೂರು ಫೋಟೋ ತೆಗೆಯುವುದು ಅರ್ಧ ದಿನದ ಕೆಲಸ. ಅವನ್ನು ಐನೂರು ಹೆಸರುಗಳ ಮೇಲೆ ತಪ್ಪದೆ ಕೂರಿಸುವುದು ವಾರದ ಕೆಲಸ. ಎಂಟನೇ ‘ಬಿ’ ಸೆಕ್ಷನ್ನಿನಲ್ಲಿ ಮೂವರು ಚೇತನ್ ಇರುತ್ತಾರೆ. ಇಬ್ಬರ ಇನಿಷಿಯಲ್ಲೂ ಒಂದೇ. ಹುಡುಗಿಯ ಹೆಸರು ಆಧಾರ್‌ನಲ್ಲಿ ಒಂದು ಥರ, ಜನನ ಪ್ರಮಾಣಪತ್ರದಲ್ಲಿ ಇನ್ನೊಂದು ಥರ, ಅವಳ ನೋಟ್‌ಬುಕ್ಕಿನ ಮೇಲೆ ಮೂರನೆಯ ಥರ. ಇಂಥಲ್ಲಿ ನಾನು ಜಗಳಕ್ಕೆ ಹೋಗುವುದಿಲ್ಲ, ಸ್ಯಾಟ್ಸ್‌ನಲ್ಲಿ ಏನಿದೆಯೋ ಅದೇ ಅಂತಿಮ. ಇಲಾಖೆಯ ಆ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ಮಗುವಿಗೂ ಒಂದು ನಂಬರಿದೆ. ಫೋಟೋ ಫೈಲಿಗೆ ಹೆಸರಿನ ಬದಲು ಆ ನಂಬರು ಕೊಟ್ಟರೆ ಮೂವರು ಚೇತನ್‌ಗಳೂ ಒಬ್ಬರನ್ನೊಬ್ಬರು ತುಳಿಯದೆ ಇರುತ್ತಾರೆ.

ಪಟ್ಟಿ ಬರುವ ರೂಪಗಳೂ ಚಿತ್ರವಿಚಿತ್ರ. ಕೆಲವು ಶಾಲೆಯವರು ಎಕ್ಸೆಲ್ ಕೊಡುತ್ತಾರೆ, ಕೆಲವರು ಹಾಜರಿ ಪುಸ್ತಕದ ಪುಟವನ್ನು ಓರೆಯಾಗಿ ಫೋಟೋ ಹೊಡೆದು ವಾಟ್ಸಾಪ್ ಮಾಡುತ್ತಾರೆ. ಕನ್ನಡದಲ್ಲಿ ಕಾರ್ಡು ಬೇಕೆನ್ನುವ ಶಾಲೆಗಳೆಂದರೆ ನನಗೆ ಪ್ರೀತಿ, ಕೆಲಸ ಮಾತ್ರ ಎರಡು ಪಟ್ಟು. ಮೇಷ್ಟ್ರು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿರುತ್ತಾರೆ, ನನ್ನ ಡಿಸೈನ್ ಯೂನಿಕೋಡ್‌ನಲ್ಲಿರುತ್ತದೆ. ಪರಿವರ್ತನೆ ಮಾಡದೆ ಹಾಗೇ ಅಂಟಿಸಿದರೆ ಅರ್ಕಾವತ್ತು ಒಂದು ದಿಕ್ಕು, ಒತ್ತಕ್ಷರ ಒಂದು ದಿಕ್ಕು. ಪರಿವರ್ತನೆ ಮಾಡಿದ ಮೇಲೂ ಹರ್ಷ, ಐಶ್ವರ್ಯ, ಕೀರ್ತನಾ ಇವರನ್ನು ಒಬ್ಬೊಬ್ಬರನ್ನಾಗಿ ಕಣ್ಣಲ್ಲಿ ನೋಡಲೇಬೇಕು. ಡ್ರ್ಯಾಗನ್ ಶೀಟ್ ಎಂಬ ಕಾರ್ಡಿನ ಪ್ಲಾಸ್ಟಿಕ್ ಹಾಳೆಯ ಮೇಲೆ ಪ್ರಿಂಟ್ ಹಾಕಿ, ಫ್ಯೂಸಿಂಗ್ ಮೆಷಿನ್ನಿನ ಬಿಸಿಗೆ ಕೊಟ್ಟು ಅಂಟಿಸಿಬಿಟ್ಟರೆ ಮುಗಿಯಿತು, ತಿದ್ದಲಾಗುವುದಿಲ್ಲ, ಮತ್ತೆ ಹೊಸ ಶೀಟೇ.

ಇನ್ನು ರಕ್ತದ ಗುಂಪು. ಕಾರ್ಡಿನಲ್ಲಿ ಅದಕ್ಕೊಂದು ಜಾಗ ಇರಲೇಬೇಕು ಅನ್ನುತ್ತಾರೆ. ಆದರೆ ಅರ್ಧ ಮಕ್ಕಳಿಗೆ ಪರೀಕ್ಷೆಯೇ ಆಗಿರುವುದಿಲ್ಲ. ‘ಅಮ್ಮಂದು ಓ ಪಾಸಿಟಿವ್, ಅದನ್ನೇ ಹಾಕಿ ಸಾರ್’ ಎಂದು ಮಗು ಹೇಳಿದ್ದುಂಟು, ‘ಎಲ್ಲರಿಗೂ ಓ ಪಾಸಿಟಿವ್ ಹಾಕಿಬಿಡಿ’ ಎಂದು ದೊಡ್ಡವರೇ ಹೇಳಿದ್ದೂ ಉಂಟು. ಈ ಒಂದು ವಿಷಯದಲ್ಲಿ ನಾನು ಯಾರ ಮುಲಾಜಿಗೂ ಬೀಳುವುದಿಲ್ಲ. ರಿಪೋರ್ಟ್ ಇದ್ದರೆ ಹಾಕುತ್ತೇನೆ, ಇಲ್ಲದಿದ್ದರೆ ಆ ಜಾಗ ಖಾಲಿ.

ಐಡಿ ಫೋಟೋದ ದಿನ ಹೇಗಿರುತ್ತದೆ ಎಂದು ಹೇಳುತ್ತೇನೆ. ಬೆಳಗಿನ ಪ್ರಾರ್ಥನೆಗೆ ಮುಂಚೆ ಹೋಗಿ ಗ್ರಂಥಾಲಯವೋ ಪ್ರಯೋಗಾಲಯವೋ ಯಾವುದಾದರೂ ಒಂದು ಕೋಣೆ ಹಿಡಿಯಬೇಕು. ಕರಿಹಲಗೆಯ ಮೇಲೆ ಪರದೆ, ಅದರ ಮುಂದೆ ಮಗು ಕೂರುವ ಸ್ಟೂಲು, ಒಂದು ಕಡೆ ಬೆಳಕು ಮೆತ್ತಗಾಗಿಸುವ ಸಾಫ್ಟ್‌ಬಾಕ್ಸ್ ಹಾಕಿದ ಬ್ಯಾಟರಿ ಫ್ಲಾಶ್, ಇನ್ನೊಂದು ಕಡೆ ಬೆಳಕು ವಾಪಸು ಎಸೆಯಲು ಥರ್ಮಾಕೋಲ್ ಹಲಗೆ. ಬ್ಯಾಟರಿಯೇ ಏಕೆಂದರೆ ಜೂನಿನ ಗಾಳಿಗೆ ಕರೆಂಟು ನೆಚ್ಚಿಕೊಳ್ಳುವ ಹಾಗಿಲ್ಲ. ಸ್ಟೂಲಿನ ನಾಲ್ಕು ಕಾಲಿಗೂ ನೆಲದ ಮೇಲೆ ಸೀಮೆಸುಣ್ಣದ ಗುರುತು, ಯಾಕೆಂದರೆ ಪ್ರತಿ ಮಗುವೂ ಕೂರುವಾಗ ಅದನ್ನು ಸ್ವಲ್ಪ ಎಳೆಯುತ್ತದೆ, ನೂರು ಮಕ್ಕಳಾಗುವಷ್ಟರಲ್ಲಿ ಸ್ಟೂಲು ಬಾಗಿಲ ಹತ್ತಿರ ಇರುತ್ತದೆ. ಮೊದಲ ಫ್ರೇಮಿನಲ್ಲಿ ಮಗು ತನ್ನ ನಂಬರಿನ ಚೀಟಿಯನ್ನು ಎದೆಗೆ ಹಿಡಿಯುತ್ತದೆ. ಚೀಟಿ ಕೆಳಗಿಳಿಸಿದ ಮೇಲೆ ಎರಡನೆಯದು, ಮೂರನೆಯದು. ಅಷ್ಟೇ ಸಮಯ.

ಸಮಯ ಹೋಗುವುದೆಲ್ಲ ಆ ಫ್ರೇಮಿಗೆ ಮುಂಚೆ. ಸರ್ಕಾರಿ ಶಾಲೆಯಲ್ಲಿ ಬೆಳಿಗ್ಗೆ ಹಾಲು ಕೊಡುತ್ತಾರೆ, 2013ರಲ್ಲಿ ಬಂದ ಕ್ಷೀರಭಾಗ್ಯ. 2024ರಿಂದ ವಾರದಲ್ಲಿ ಮೂರು ದಿನ ಅದಕ್ಕೆ ರಾಗಿ ಮಾಲ್ಟ್ ಸೇರಿಕೊಂಡಿದೆ. ಬರೀ ಹಾಲಿನ ದಿನ ಮಕ್ಕಳಿಗೆ ಬಿಳಿ ಮೀಸೆ, ಮಾಲ್ಟಿನ ದಿನ ಕಂದು ಮೀಸೆ. ಎರಡನೆಯದು ಫೋಟೋದಲ್ಲಿ ನಿಜವಾದ ಮೀಸೆಯ ಹಾಗೆಯೇ ಕಾಣುತ್ತದೆ. ನನ್ನ ಬ್ಯಾಗಿನಲ್ಲಿ ಲೆನ್ಸ್ ಒರೆಸುವ ಬಟ್ಟೆಗಿಂತ ಮೂತಿ ಒರೆಸುವ ಟಿಶ್ಯೂ ಹೆಚ್ಚು ಖರ್ಚಾಗುತ್ತದೆ. ಕ್ರಾಪಿಗೆ ಹಚ್ಚಿದ ಕೊಬ್ಬರಿ ಎಣ್ಣೆ ಹಣೆಗಿಳಿದು ಫ್ಲಾಶಿಗೆ ಮಿಂಚುತ್ತದೆ (ತಿಪಟೂರಿನಲ್ಲಿ ಕೊಬ್ಬರಿ ಎಣ್ಣೆ ಕಡಿಮೆ ಹಚ್ಚಿಕೊಂಡು ಬಾ ಎನ್ನುವ ಧೈರ್ಯ ನನಗಿಲ್ಲ). ಕನ್ನಡಕದ ಹುಡುಗಿಗೆ ಗದ್ದ ಒಂದು ಚೂರು ತಗ್ಗಿಸು ಅನ್ನಬೇಕು. ಒಂದನೇ ಕ್ಲಾಸಿನವರಿಗೆ ನಗು ಎಂದರೆ ಹಲ್ಲು ಕಿರಿಯುತ್ತಾರೆ, ಹತ್ತನೆಯವರಿಗೆ ನಗು ಎಂದರೆ ಬಾಯಿ ಇನ್ನೂ ಬಿಗಿಯುತ್ತಾರೆ. ನಾನು ಈಗ ನಗಲು ಹೇಳುವುದೇ ಇಲ್ಲ. ‘ಇವತ್ತು ಏನ್ ಸಾರು?’ ಅಂತ ಕೇಳುತ್ತೇನೆ. ಉತ್ತರ ಯೋಚಿಸುವ ಮುಖ ಚೆನ್ನಾಗಿರುತ್ತದೆ.

ಒಂದು ಕಿರಿಕಿರಿಯ ವಿಷಯ ಬಣ್ಣದ್ದು. ‘ಸ್ವಲ್ಪ ಬ್ರೈಟ್ ಮಾಡಿ ಕೊಡಿ’ ಎನ್ನುವ ಮಾತು ಪ್ರತಿ ಶಾಲೆಯಲ್ಲೂ ಬರುತ್ತದೆ. ಮಾತಿನ ಅರ್ಥ ಬೆಳಕು ಜಾಸ್ತಿ ಮಾಡಿ ಅಂತಲ್ಲ ಎಂದು ಹೇಳುವವರಿಗೂ ಗೊತ್ತು, ಕೇಳುವ ನನಗೂ ಗೊತ್ತು. ಇದರಲ್ಲಿ ಅರ್ಧ ತಪ್ಪು ಕ್ಯಾಮೆರಾ ಹಿಡಿದವರದೇ. ಬಿಳಿ ಪರದೆಯ ಮುಂದೆ ಆಟೋ ಮೋಡಿನಲ್ಲಿಟ್ಟರೆ ಕ್ಯಾಮೆರಾ ಆ ಬಿಳುಪನ್ನು ನೋಡಿ ಬೆಚ್ಚಿ ಇಡೀ ಚಿತ್ರವನ್ನು ಕತ್ತಲು ಮಾಡುತ್ತದೆ, ಕಪ್ಪಗಿರುವ ಮಗುವಿನ ಕಣ್ಣು ಮೂಗು ಏನೂ ಕಾಣುವುದಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಎಲ್ಲ ಮುಖಗಳನ್ನೂ ಎತ್ತಿದರೆ ತರಗತಿಗೆ ತರಗತಿಯೇ ಸುಣ್ಣ ಹೊಡೆದ ಗೋಡೆಯ ಹಾಗೆ ಬರುತ್ತದೆ. ಪರದೆಯನ್ನು ತಿಳಿನೀಲಿ ಮಾಡಿ, ಮ್ಯಾನ್ಯುಯಲ್‌ನಲ್ಲಿ ಲೆನ್ಸಿನ ಕಿಂಡಿಯನ್ನು ಎಫ್ 8ಕ್ಕೆ ಇಟ್ಟು, ಬೆಳಕನ್ನು ಮುಖಕ್ಕೆ ಅಳೆದು ಬೀಗ ಹಾಕಿದರೆ ಕಪ್ಪಗಿರುವವರು ಕಪ್ಪಗೇ, ಸ್ಪಷ್ಟವಾಗಿ, ಚೆಂದವಾಗಿ ಬರುತ್ತಾರೆ. ಇದಕ್ಕಿಂತ ಬೆಳ್ಳಗೆ ಬೇಕು ಎಂದವರಿಗೆ ನನ್ನ ಉತ್ತರ ಒಂದೇ: ಗುರುತಿನ ಚೀಟಿಯಲ್ಲಿ ಗುರುತೇ ಸಿಗದಿದ್ದರೆ ಹೇಗೆ ಮೇಡಂ? ನಗುತ್ತಾರೆ, ಒಪ್ಪುತ್ತಾರೆ. ಒಪ್ಪದ ಕಡೆ ಮುಂದಿನ ವರ್ಷ ಆರ್ಡರ್ ಬೇರೆಯವರಿಗೆ ಹೋಗಿದೆ.

ಐಡಿ ಕಾರ್ಡಿನಲ್ಲಿ ಮಾರ್ಜಿನ್ ಚಿಕ್ಕದು, ಸಂಖ್ಯೆ ದೊಡ್ಡದು. ಮೆಷಿನ್, ಶೀಟು, ಹೋಲ್ಡರ್, ಟ್ಯಾಗ್ ಎಲ್ಲ ಕಳೆದು ಕಾರ್ಡೊಂದರಲ್ಲಿ ಕೈಗೆ ಉಳಿಯುವುದು ಒಂದೆರಡು ಟೀ ಕಾಸು. ಹಾಗಾಗಿ ಒಂದೇ ಶಾಲೆ ನಂಬಿ ಕೂರುವ ಹಾಗಿಲ್ಲ. ನೋಂದಣಿಯ ರಗಳೆ ಜನ ಹೆದರುವಷ್ಟೇನೂ ಇಲ್ಲ. ಸಣ್ಣ ಉದ್ದಿಮೆಗಳಿಗೆ ಕೇಂದ್ರದ ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಉಚಿತ, ಅಂಗಡಿಗೆ ನಗರಸಭೆಯದೋ ಪಂಚಾಯಿತಿಯದೋ ಲೈಸೆನ್ಸ್, ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಸುಸ್ತು ಮಾಡುವುದು ವಸೂಲಿ. ‘ಮ್ಯಾನೇಜ್‌ಮೆಂಟ್ ಮೀಟಿಂಗ್ ಆಗಲಿ’ ಎಂಬ ವಾಕ್ಯ ಜುಲೈಯಿಂದ ದಸರಾ ರಜೆಯವರೆಗೂ ಬಾಳುತ್ತದೆ. ಅರ್ಧ ಮುಂಗಡ, ಉಳಿದರ್ಧ ಕಾರ್ಡು ಕೈಗಿಡುವಾಗ. ಇದನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಬೇಕು, ಆಮೇಲೆ ಬಾಯಿ ಬರುವುದಿಲ್ಲ.

ಒಂದು ಖಾಸಗಿ ಶಾಲೆಯಲ್ಲಿ ನನ್ನ ದರ ಕೇಳಿ, ‘ಪೇರೆಂಟ್ಸಿಗೆ ನಾವು ಇದರ ಮೂರು ಪಟ್ಟು ಹಾಕ್ತೀವಿ, ನಿಮ್ಮ ಕಡೆಯಿಂದಲೂ ಕಾರ್ಡಿಗಿಷ್ಟು ಅಂತ ನಮಗೆ ಬರಬೇಕು’ ಎಂದರು. ಎರಡು ಕಡೆಯಿಂದಲೂ! ಅದನ್ನು ಬಿಲ್ಲಿನಲ್ಲೇ ರಿಯಾಯಿತಿ ಅಂತ ತೋರಿಸಿಬಿಡುತ್ತೇನೆ ಸಾರ್ ಎಂದೆ. ಮತ್ತೆ ಫೋನ್ ಬರಲಿಲ್ಲ.

ಐಡಿ ಕಾರ್ಡು ಹೊಟ್ಟೆಪಾಡು. ಗ್ರೂಪ್ ಫೋಟೋದಲ್ಲಿ ನನಗೆ ಖುಷಿಯಿದೆ. ನಾನು ಕೆಲಸ ಕಲಿತ ಸ್ಟುಡಿಯೋದ ಯಜಮಾನರು 120 ಫಿಲ್ಮಿನ ಕಾಲದವರು. ಯಾಶಿಕಾ ಕ್ಯಾಮೆರಾದಲ್ಲಿ ಒಂದು ರೋಲಿಗೆ ಹನ್ನೆರಡೇ ಫ್ರೇಮು. ಒಂದು ತರಗತಿಗೆ ಎರಡು, ಬಹಳ ಆದರೆ ಮೂರು. ಅಷ್ಟರಲ್ಲಿ ಯಾರು ಕಣ್ಣು ಮುಚ್ಚಿದರೋ ಅವರು ಜೀವನಪರ್ಯಂತ ಆ ಫೋಟೋದಲ್ಲಿ ಕಣ್ಣು ಮುಚ್ಚಿದವರೇ. ಎಷ್ಟು ಫ್ರೇಮ್ ತೆಗೆದರೆ ಎಲ್ಲರ ಕಣ್ಣೂ ತೆರೆದಿರುತ್ತದೆ ಎಂದು ಆಸ್ಟ್ರೇಲಿಯಾದ ಇಬ್ಬರು, ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್, ಗಣಿತ ಹಾಕಿ 2006ರಲ್ಲಿ ಇಗ್ ನೊಬೆಲ್ (ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ) ಪಡೆದರು. ಇಪ್ಪತ್ತು ಜನರೊಳಗಿನ ಗುಂಪಿಗೆ, ಬೆಳಕು ಚೆನ್ನಾಗಿದ್ದರೆ, ತಲೆ ಎಣಿಕೆಯನ್ನು ಮೂರರಿಂದ ಭಾಗಿಸಿ. ಬೆಳಕು ಸಾಲದಿದ್ದರೆ ಎರಡರಿಂದ. ಅರವತ್ತು ಮಕ್ಕಳಿಗೆ ಆ ಸೂತ್ರ ನಿಲ್ಲುವುದಿಲ್ಲ. ನಾನು ಮಾಡುವುದು ಇಷ್ಟೆ: ಎಲ್ಲರೂ ಕಣ್ಣು ಮುಚ್ಚಿ ಅನ್ನುತ್ತೇನೆ, ಮೂರು ಎಣಿಸಿ ತೆರೆಯಿರಿ ಅನ್ನುತ್ತೇನೆ, ತೆರೆದ ಕೂಡಲೇ ಐದಾರು ಫ್ರೇಮು. ಯಜಮಾನರೂ ಇದನ್ನೇ ಮಾಡುತ್ತಿದ್ದರು, ಐದಾರರ ಜಾಗದಲ್ಲಿ ಒಂದು.

ಜಾಗ ಆರಿಸುವುದರಲ್ಲೇ ಅರ್ಧ ಫೋಟೋ ಮುಗಿಯುತ್ತದೆ. ಎಲ್ಲ ಶಾಲೆಯವರೂ ತೋರಿಸುವುದು ಹೊಂಗೆ ಮರದ ನೆರಳು. ಅಲ್ಲಿ ನಿಲ್ಲಿಸಿದರೆ ಎಲೆಗಳ ಸಂದಿಯಿಂದ ಬಿಸಿಲಿನ ಚುಕ್ಕೆ ಒಬ್ಬನ ಮೂಗಿನ ಮೇಲೆ, ಇನ್ನೊಬ್ಬಳ ಒಂದೇ ಕಣ್ಣಿನ ಮೇಲೆ. ಬಿಸಿಲಿಗೆದುರಾಗಿ ನಿಲ್ಲಿಸಿದರೆ ಎಲ್ಲರೂ ಕಣ್ಣು ಕಿರಿದು ಮಾಡುತ್ತಾರೆ. ಕಟ್ಟಡದ ನೆರಳು ಅಚ್ಚುಕಟ್ಟಾಗಿ ಬೀಳುವ ಕಡೆ, ಬೆಳಿಗ್ಗೆ ಹತ್ತರೊಳಗೆ ಆಗಬೇಕು. ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಒಂದು ಸಾಲು, ಕುರ್ಚಿಗಳಲ್ಲಿ ಶಿಕ್ಷಕರು, ಹಿಂದೆ ನಿಂತವರು, ಅವರ ಹಿಂದೆ ಬೆಂಚಿನ ಮೇಲೆ ನಿಂತವರು. ಬೆಂಚಿನ ತುದಿಯಲ್ಲಿ ಯಾರನ್ನೂ ಒಂಟಿಯಾಗಿ ನಿಲ್ಲಿಸಬಾರದು, ಪಕ್ಕದವ ಇಳಿದರೆ ಬೆಂಚು ಏಳುತ್ತದೆ. ಸಾಲನ್ನು ಸ್ವಲ್ಪ ಬಿಲ್ಲಿನಂತೆ ಬಾಗಿಸಿ, ನಾನು ಹಿಂದೆ ಹಿಂದೆ ಹೋಗಿ ಸ್ಟೂಲು ಹತ್ತುತ್ತೇನೆ. ಹತ್ತಿರದಿಂದ ವೈಡ್ ಲೆನ್ಸಿನಲ್ಲಿ ತೆಗೆದರೆ ತುದಿಯಲ್ಲಿದ್ದವರು ಎಳೆದಂತಾಗಿ ದಪ್ಪ ಕಾಣುತ್ತಾರೆ, ಆ ಬೈಗುಳ ಮುಂದಿನ ಹಳೆ ವಿದ್ಯಾರ್ಥಿಗಳ ಸಮಾವೇಶದವರೆಗೂ ಬರುತ್ತಿರುತ್ತದೆ.

ಮಕ್ಕಳನ್ನು ನಿಲ್ಲಿಸಲು ಎತ್ತರ ಸಾಕು. ಕುರ್ಚಿಗಳ ಸಾಲು ಕೈಸುಡುವ ವಿಷಯ. ನಡುವೆ ಎಚ್‌ಎಂ, ಪಕ್ಕದಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು, ಆಮೇಲೆ ಸೇವಾ ಹಿರಿತನ. ಅದನ್ನು ನಾನು ಹೇಳಬಾರದು, ಅವರೇ ಒಬ್ಬರಿಗೊಬ್ಬರು ‘ನೀವ್ ಬನ್ನಿ, ನೀವ್ ಬನ್ನಿ’ ಅಂದುಕೊಂಡು ಹತ್ತು ನಿಮಿಷ ಕಳೆದು ಕೂರಬೇಕು. ಒಂದು ಮಾತ್ರ ನಾನಾಗಿ ಕೇಳುತ್ತೇನೆ: ಬಿಸಿಯೂಟದ ಅಕ್ಕಂದಿರು ಎಲ್ಲಿ? ಅವರು ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿರುತ್ತಾರೆ, ಕರೆದರೆ ‘ಅಯ್ಯೋ, ನಮ್ದೇನ್ ಬುಡಿ’ ಅನ್ನುತ್ತಾರೆ. ಮಕ್ಕಳೇ ಕೂಗಿ ಕರೆಯುತ್ತಾರೆ. ಕೈ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು ಬಂದು ಸಾಲಿನ ತುದಿಯಲ್ಲಿ ನಿಲ್ಲುತ್ತಾರೆ. ಅದುವರೆಗೆ ಗೋಡೆಯಂತೆ ನಿಂತ ಹುಡುಗರ ಮುಖ ಆಗ ಸಡಿಲವಾಗುತ್ತದೆ, ಆ ಕ್ಷಣ ಕ್ಲಿಕ್ ಮಾಡಿದರೆ ಕೆಲಸ ಆಯಿತು. ಇದು ಉಪಕಾರವೇನಲ್ಲ, ನನ್ನ ಫೋಟೋಗೆ ಲಾಭವೇ.

ದುಡ್ಡಿನ ಪ್ರಶ್ನೆ ಇಲ್ಲೇ ಚುಚ್ಚುತ್ತದೆ. ರೂಢಿಯ ಪ್ರಕಾರ ಪ್ರಿಂಟಿಗಿಷ್ಟು ಎಂದು ತಲೆಗೆ ಲೆಕ್ಕ. ಹಿಂದಿನ ದಿನವೇ ‘ನಾಳೆ ಗ್ರೂಪ್ ಫೋಟೋ, ದುಡ್ಡು ತರಬೇಕು’ ಎಂದು ತರಗತಿಯಲ್ಲಿ ಹೇಳುತ್ತಾರೆ. ಮಾರನೆಯ ದಿನ ನಾಲ್ಕೈದು ಮಕ್ಕಳು ಗೈರು. ಜ್ವರ ಅನ್ನುತ್ತಾರೆ, ಅಜ್ಜಿ ಊರಿಗೆ ಹೋಗಿದ್ದಾನೆ ಅನ್ನುತ್ತಾರೆ. ಹಾಜರಿ ಪುಸ್ತಕದ ಪುಟ ಎದುರಿಗಿರುವವನಿಗೆ ಇದು ಜ್ವರವಲ್ಲ ಎಂದು ತಿಳಿಯುವುದಕ್ಕೆ ಬಹಳ ಕಾಲ ಬೇಕಾಗುವುದಿಲ್ಲ. ವರ್ಷವಿಡೀ ತಪ್ಪದೆ ಬಂದ ಹುಡುಗ ಫೋಟೋದ ದಿನ ಇಲ್ಲ. ಇಪ್ಪತ್ತು ವರ್ಷದ ಮೇಲೆ ಯಾರೋ ಆ ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕಿದಾಗ ಅವನು ನಮ್ಮ ಕ್ಲಾಸಿನಲ್ಲಿ ಓದಿದ್ದನಾ ಅಂತ ಉಳಿದವರು ಕೇಳುತ್ತಾರೆ.

ಈಗ ನನ್ನ ದರ ತರಗತಿಗೆ, ತಲೆಗಲ್ಲ. ಯಾರು ಬೇಕಾದರೂ ನಿಲ್ಲಲಿ, ಎಲ್ಲರೂ ನಿಲ್ಲಲಿ. ಪ್ರಿಂಟು ಯಾರಿಗೆ ಬೇಕು ಎಂಬ ಪಟ್ಟಿ ಫೋಟೋ ತೆಗೆದ ಮೇಲೆ, ಬೇರೆ ದಿನ. ದಿನಾಂಕವನ್ನೂ ದುಡ್ಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಡಿ ಎಂದು ಮೊದಲೇ ಎಚ್‌ಎಂ ಹತ್ತಿರ ಕೇಳಿಕೊಳ್ಳುತ್ತೇನೆ. ತರಗತಿಗೊಂದು ಹನ್ನೆರಡು–ಹದಿನೆಂಟು ಇಂಚಿನ ದೊಡ್ಡ ಪ್ರಿಂಟು ಶಾಲೆಯ ಗೋಡೆಗೆ, ಅದೂ ಆ ದರದಲ್ಲೇ. ವ್ಯಾಪಾರದ ಕಣ್ಣಲ್ಲಿ ನೋಡಿದರೂ ನಷ್ಟವಿಲ್ಲ: ಗೋಡೆಯ ಮೇಲಿನ ದೊಡ್ಡ ಫೋಟೋ ನೋಡಿ ಆಮೇಲೆ ಪ್ರಿಂಟು ಕೇಳುವವರೇ ಹೆಚ್ಚು.

ಕಾನೂನಿನ ವಿಷಯವೊಂದಿದೆ, ನಮ್ಮ ಕಸುಬಿನವರು ಇನ್ನೂ ಗಂಭೀರವಾಗಿ ತಗೊಂಡಿಲ್ಲ. ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಮಾಡಿತು. ಹದಿನೆಂಟು ತುಂಬದವರೆಲ್ಲ ಅದರ ಪ್ರಕಾರ ಮಕ್ಕಳು, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು, ಮಕ್ಕಳ ವಿಷಯದಲ್ಲಿ ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೆ ಹೋಗಬಹುದು. ನಮ್ಮಂಥವರ ಹತ್ತಿರ ಇರುವುದೇನು ಯೋಚಿಸಿ: ಸಾವಿರಾರು ಮಕ್ಕಳ ಮುಖ, ಹೆಸರು, ತಂದೆಯ ಫೋನ್ ನಂಬರು, ಮನೆ ವಿಳಾಸ, ಎಲ್ಲ ಒಂದೇ ಹಾರ್ಡ್‌ಡಿಸ್ಕಿನಲ್ಲಿ, ಅದು ಅಂಗಡಿಯ ಟೇಬಲ್ಲಿನ ಮೇಲೆ. ದಂಡ ಬಿಡಿ, ಇಂಥದ್ದು ಬೇರೆಯವರ ಕೈಗೆ ಹೋದರೆ ಏನಾಗಬಹುದು ಎಂದು ನೆನೆದರೆ ನಿದ್ದೆ ಬರುವುದಿಲ್ಲ. ಪೋಷಕರ ಸಹಿಯ ಒಂದು ಪುಟ ಶಾಲೆಯ ಮೂಲಕ ತರಿಸಿಕೊಳ್ಳುತ್ತೇನೆ, ಡಿಸ್ಕಿಗೆ ಪಾಸ್‌ವರ್ಡ್, ಕಾರ್ಡು ತಲುಪಿ ತಿದ್ದುಪಡಿ ಮುಗಿದ ಮೇಲೆ ವಿಳಾಸ–ಫೋನಿನ ಫೈಲು ಅಳಿಸುವುದು. ಮಕ್ಕಳ ಫೋಟೋವನ್ನು ನನ್ನ ಇನ್‌ಸ್ಟಾಗ್ರಾಂಗೆ ಹಾಕುವುದಿಲ್ಲ. ಜಾಹೀರಾತಿಗೆ ಮದುಮಕ್ಕಳು ಸಾಕು.

ಮಾರ್ಚಿನ ಕೆಲಸವೊಂದು ಉಳಿಯಿತು, ಯುಕೆಜಿ ಮಕ್ಕಳ ಗ್ರ್ಯಾಜುಯೇಷನ್ ಡೇ. ಅಆಇಈ ಕಲಿತ ಐದು ವರ್ಷದವರಿಗೆ ಕಪ್ಪು ಗೌನು, ಚೌಕದ ಟೋಪಿ, ಕೈಯಲ್ಲಿ ರಿಬ್ಬನ್ ಕಟ್ಟಿದ ಖಾಲಿ ಕಾಗದದ ಸುರುಳಿ. ಬಯಲುಸೀಮೆಯ ಮಾರ್ಚಿನ ಬಿಸಿಲಿನಲ್ಲಿ ಕಪ್ಪು ಪಾಲಿಯೆಸ್ಟರ್! ನನಗೆ ಇದರ ತಲೆಬುಡ ಅರ್ಥವಾಗಿಲ್ಲ. ಆದರೆ ಅಮೆರಿಕದವರ ಲೆಕ್ಕ ನಮ್ಮಲ್ಲಿ ನಡೆಯುವ ಒಂದೇ ದಿನ ಇದು. ಅಪ್ಪ–ಅಮ್ಮ, ತಾತ–ಅಜ್ಜಿ ಎಲ್ಲ ಬಂದಿರುತ್ತಾರೆ, ಫ್ರೇಮ್ ಹಾಕಿದ ಫೋಟೋ ಬೇಕೇ ಎಂದು ಕೇಳಬೇಕಾದ್ದೇ ಇಲ್ಲ. ಗೌನುಗಳನ್ನು ನಾನೇ ಹೊಲಿಸಿ ಬಾಡಿಗೆಗೂ ಕೊಡುತ್ತೇನೆ. ನಗುವವರು ನಗಲಿ.

ಇದೊಂದರಲ್ಲೇ ಬದುಕಬಹುದಾ ಎಂದು ಕೇಳುವ ಹುಡುಗರಿಗೆ ಇಲ್ಲ ಅನ್ನುತ್ತೇನೆ. ಮದುವೆ ಇರಬೇಕು, ಇದೂ ಇರಬೇಕು. ಕಲಿಯುತ್ತೇವೆಂದು ಹೊಸ ಮಿರರ್‌ಲೆಸ್ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಬರುತ್ತಾರೆ. ಒಂದು ತರಗತಿಯ ಹೆಸರುಗಳನ್ನು ತಪ್ಪಿಲ್ಲದೆ ಟೈಪ್ ಮಾಡಿ ಕೊಡಿ ಎಂದರೆ ನಾಳೆ ಬರುತ್ತೇನೆಂದು ಹೋಗುತ್ತಾರೆ. ಈ ವರ್ಷ ಬಿಕಾಂ ಮುಗಿಸಿದ ಒಬ್ಬ ಹುಡುಗಿ ಬಂದಳು. ಕ್ಯಾಮೆರಾ ಇರಲಿಲ್ಲ. ಅದೇ ಪಟ್ಟಿ ಕೊಟ್ಟೆ. ಮಧ್ಯಾಹ್ನದೊಳಗೆ ಮುಗಿಸಿ, ‘ಅಣ್ಣಾ, ಈ ಅವಳಿ ಮಕ್ಕಳಿಗೆ ಇಬ್ಬರಿಗೂ ಒಂದೇ ನಂಬರ್ ಹಾಕಿದಾರೆ, ಶಾಲೆಗೆ ಫೋನ್ ಮಾಡ್ಲಾ?’ ಎಂದು ಕೇಳಿದಳು. ಆವತ್ತೇ ಸಂಬಳ ಮಾತಾಡಿದೆ. ಜೂನ್ ಎರಡನೇ ವಾರಕ್ಕೆ ನಾಲ್ಕು ಶಾಲೆ ಒಪ್ಪಿಕೊಂಡಿದ್ದೇವೆ, ಪಟ್ಟಿ ಬರದೆ ತಾರೀಖು ಕೊಡಲ್ಲ ಎಂದು ಎಚ್‌ಎಂಗಳಿಗೆ ಅವಳೇ ಹೇಳಿಯಾಗಿದೆ.